ರಣಜಿ ಪಂದ್ಯ ನೋಡುವುದು ಹೇಗೆ?

ರಾಜ್ಯ ತಂಡಗಳ ಕ್ರಿಕೆಟ್ ಟೂರ್ನಿಯಾದ ರಣಜಿ ನೋಡಲು ಬರುವ ಹೊಸಬರು ಮೂರನೇ ದಿನ ಚಹಾ ಹೊತ್ತಿಗೆ ‘ಇದು ಡ್ರಾ ಬಿಡ್ರಿ’ ಅಂತ ಎದ್ದು ಹೋಗುತ್ತಾರೆ. ಒಮ್ಮೆ ನನ್ನ ಪಕ್ಕದವರು ಬುತ್ತಿ ಡಬ್ಬಿ ಮುಚ್ಚಿ ಹೊರಟಾಗ ಲೀಡ್‌ಗೆ, ಅಂದರೆ ಮೊದಲ ಇನಿಂಗ್ಸ್‌ನಲ್ಲಿ ಎದುರಾಳಿಯ ಸ್ಕೋರ್ ಮೀರಲು, ಬೇಕಿದ್ದದ್ದು 11 ರನ್, ಉಳಿದಿದ್ದದ್ದು ಎರಡೇ ವಿಕೆಟ್. ಕೈ ಹಿಡಿದು ಕೂರಿಸೋಣ ಅನ್ನಿಸಿತ್ತು.

ಮೊದಲು ದಿನದ ಲೆಕ್ಕ. ಅಂಕ ಗಳಿಸುವ ಲೀಗ್ ಪಂದ್ಯ 4 ದಿನ, ಸೋತವರು ಹೊರಬೀಳುವ ನಾಕೌಟ್ 5 ದಿನ. ದಿನಕ್ಕೆ 90 ಓವರ್. ಊಟ, ಚಹಾ ನಡುವೆ ಬಂದು ಮೂರು ಸೆಷನ್. ತಂಡಕ್ಕೆ ಎರಡು ಇನಿಂಗ್ಸ್. ಇಷ್ಟೇ.

ಆಮೇಲೆ ಒಂದು ನೋಟ್‌ಬುಕ್, ಪೆನ್ಸಿಲ್ ತನ್ನಿ. ಪೆನ್ ಬೇಡ, ಅಳಿಸುವುದು ಇದ್ದೇ ಇರುತ್ತದೆ. ಸೆಷನ್‌ಗೆ ಒಂದು ಸಾಲು: ಓವರ್, ರನ್, ವಿಕೆಟ್. 80 ಓವರ್ ಮುಗಿದಲ್ಲಿ ಗೆರೆ ಎಳೆಯಿರಿ, ಅಲ್ಲಿಂದ ಹೊಸ ಚೆಂಡು ಸಿಗುತ್ತದೆ. ಮೊಬೈಲ್ ಆ್ಯಪ್ ಸಾಕಲ್ವಾ ಅನ್ನಬೇಡಿ. ಅದು ಒಟ್ಟು ಸ್ಕೋರ್ ತೋರಿಸುತ್ತದೆ, ಊಟದ ನಂತರ ಆಟ ಯಾರ ಕಡೆ ವಾಲಿತು ಅನ್ನುವುದು ನಿಮ್ಮ ಸಾಲುಗಳಲ್ಲೇ ಕಾಣುವುದು.

ಎಲ್ಲರೂ ಎಡವುವುದು ಮೊದಲ ಇನಿಂಗ್ಸ್ ಲೀಡ್‌ನಲ್ಲಿ. ಲೀಗ್‌ನಲ್ಲಿ ಪೂರ್ತಿ ಗೆದ್ದರೆ 6 ಅಂಕ. ಇನಿಂಗ್ಸ್ ಅಂತರದಿಂದಲೋ 10 ವಿಕೆಟ್‌ಗಳಿಂದಲೋ ಗೆದ್ದರೆ ಇನ್ನೊಂದು ಸೇರಿ 7. ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರಿಗೆ 3, ಹಿಂದುಳಿದವರಿಗೆ 1. ಎದುರಾಳಿ 312ಕ್ಕೆ ಆಲೌಟ್ ಅಂದುಕೊಳ್ಳಿ. ನೋಟ್‌ಬುಕ್‌ನ ತಲೆಯಲ್ಲಿ 313 ಅಂತ ದಪ್ಪಗೆ ಬರೆಯಿರಿ. ನಮ್ಮವರು 290ಕ್ಕೆ 8 ಇದ್ದಾಗ ಬೌಲರ್ ಒಬ್ಬ ಬ್ಯಾಟ್ ಹಿಡಿದು ಒಂದೊಂದೇ ರನ್ ಕದಿಯುತ್ತಿರುತ್ತಾನೆ. ಪಂದ್ಯ ಡ್ರಾ ಆದರೆ, ಆ 313 ಮುಟ್ಟಿದ್ದರೆ 3, ಇಲ್ಲದಿದ್ದರೆ 1. ಆಗ ಕ್ಯಾಂಟೀನ್‌ಗೆ ಹೋಗಲೇಬೇಡಿ. ಅದರ ಜತೆ 163 ಅಂತಲೂ ಬರೆಯಿರಿ. 4 ದಿನದ ಪಂದ್ಯದಲ್ಲಿ 150 ರನ್ ಹಿಂದೆ ಬಿದ್ದರೆ ಎದುರಾಳಿ ಫಾಲೋಆನ್ ಹೇರಬಹುದು, ಅಂದರೆ ನಮ್ಮವರನ್ನೇ ತಕ್ಷಣ ಮತ್ತೆ ಬ್ಯಾಟಿಂಗ್‌ಗೆ ಇಳಿಸಬಹುದು. 163 ಮುಟ್ಟಿದರೆ ಆ ಭಯವಿಲ್ಲ.

ನಾಕೌಟ್‌ನಲ್ಲಿ ಅಂಕಗಳಿಲ್ಲ. ಡ್ರಾ ಆದರೆ ಲೀಡ್ ಪಡೆದವರೇ ಮುಂದಕ್ಕೆ. 2025ರ ಸೆಮಿಫೈನಲ್‌ನಲ್ಲಿ ಕೇರಳ 457, ಗುಜರಾತ್ 455. ಗುಜರಾತ್‌ನ ಕೊನೆಯ ಹೊಡೆತ ಬ್ಯಾಟರ್‌ನ ಹತ್ತಿರವೇ ಶಾರ್ಟ್ ಲೆಗ್‌ನಲ್ಲಿದ್ದ ಫೀಲ್ಡರ್‌ನ ಹೆಲ್ಮೆಟ್‌ಗೆ ಬಡಿದು, ವಿಕೆಟ್‌ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ಕ್ಯಾಚ್ ಆಯಿತು. ಎರಡೇ ರನ್ನಿನಲ್ಲಿ ಕೇರಳ ಮೊದಲ ಸಲ ಫೈನಲ್‌ಗೆ ಹೋಯಿತು.

ಲೀಡ್ ತಪ್ಪಿದ ಈ ನೋವು ಕರ್ನಾಟಕದವರಾದ ನಮಗೂ ಗೊತ್ತು. 1981-82ರ ಫೈನಲ್, ದೆಹಲಿಯ ಕೋಟ್ಲಾ ಮೈದಾನ. ಕರ್ನಾಟಕ 705 ರನ್ ಹೊಡೆದಿತ್ತು. ದೆಹಲಿ 8 ವಿಕೆಟ್‌ಗೆ 707 ಮಾಡಿ ಕಪ್ ಎತ್ತಿಕೊಂಡಿತು.