ಯುದ್ಧಕಾಲದ ಸರ್ಕಾರಿ ಸಾಕ್ಷ್ಯಚಿತ್ರವನ್ನು ನೋಡುವ ಕ್ರಮ

ಹಳೆಯ ಯುದ್ಧಕಾಲದ ಸರ್ಕಾರಿ ಸಾಕ್ಷ್ಯಚಿತ್ರವೊಂದನ್ನು ನೋಡಲು ಕೂರುವ ಮೊದಲು, ಅದಕ್ಕೆ ಹಣ ಕೊಟ್ಟವರು ಯಾರು, ಅದನ್ನು ಯಾರಿಗೆ ತೋರಿಸಲು ತಯಾರಿಸಿದರು ಎಂಬ ಎರಡು ಸಂಗತಿಗಳನ್ನು ಹುಡುಕಿ ಬರೆದಿಟ್ಟುಕೊಳ್ಳಬೇಕು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಬ್ರಿಟನ್ನಿನ ಮಾಹಿತಿ ಸಚಿವಾಲಯಕ್ಕಾಗಿ ತಯಾರಾದ ‘ಲಂಡನ್ ಕ್ಯಾನ್ ಟೇಕ್ ಇಟ್’ ಚಿತ್ರದ ನಿರೂಪಕ ಕ್ವೆಂಟಿನ್ ರೆನಾಲ್ಡ್ಸ್ ಅಮೆರಿಕದ ಪತ್ರಕರ್ತ. ಆಗಿನ್ನೂ ಯುದ್ಧಕ್ಕಿಳಿಯದ ಅಮೆರಿಕದ ಪ್ರೇಕ್ಷಕರ ಮನವೊಲಿಸಲು ಅವರದೇ ಉಚ್ಚಾರಣೆಯ ದನಿ ಬೇಕಾಗಿತ್ತು. ಇಷ್ಟು ತಿಳಿದಿದ್ದರೆ ಆ ದನಿಯ ನಿರುದ್ವಿಗ್ನತೆ ಬೇರೆಯೇ ಆಗಿ ಕೇಳಿಸುತ್ತದೆ.

ಆಮೇಲೆ ಚಿತ್ರವನ್ನು ಒಮ್ಮೆ ಇದ್ದ ಹಾಗೇ ನೋಡಿ, ಎರಡನೆಯ ಸಲ ಶಬ್ದ ಪೂರ್ತಿ ನಿಲ್ಲಿಸಿ ನೋಡಿ, ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿ. ಈ ಅಭ್ಯಾಸಕ್ಕೆ ಬ್ರಿಟನ್ನಿನ ನಿರ್ದೇಶಕರಾದ ಹಂಫ್ರಿ ಜೆನ್ನಿಂಗ್ಸ್ ಮತ್ತು ಸ್ಟುವರ್ಟ್ ಮೆಕಾಲಿಸ್ಟರ್ ಅವರ ‘ಲಿಸನ್ ಟು ಬ್ರಿಟನ್’ಗಿಂತ (1942) ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಸುಮಾರು ಇಪ್ಪತ್ತು ನಿಮಿಷಗಳ ಈ ಚಿತ್ರದಲ್ಲಿ ನಿರೂಪಣೆಯೇ ಇಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಇಬ್ಬರು ಹಾಸ್ಯಗಾರರು ಹಾಡುತ್ತಿರುವಂತೆಯೇ ದೃಶ್ಯ ಲಂಡನ್ನಿನ ಕಲಾಸಂಗ್ರಹಾಲಯವಾದ ನ್ಯಾಷನಲ್ ಗ್ಯಾಲರಿಗೆ ಬದಲಾಗುತ್ತದೆ. ಅಲ್ಲಿ ಮೈರಾ ಹೆಸ್ ಪಿಯಾನೋದಲ್ಲಿ ಮೊಜಾರ್ಟ್ ನುಡಿಸುತ್ತಿದ್ದಾರೆ, ಸಭೆಯಲ್ಲಿ ರಾಣಿಯೂ ಇದ್ದಾರೆ. ಶಬ್ದ ನಿಲ್ಲಿಸಿದಾಗ ಕಣ್ಣಿಗೆ ಬೀಳುವುದು ಚಿತ್ರಗಳಿಲ್ಲದ ಖಾಲಿ ಚೌಕಟ್ಟುಗಳು, ಏಕೆಂದರೆ ಬಾಂಬಿನ ಭಯದಿಂದ ಕಲಾಕೃತಿಗಳನ್ನು ಆಗಲೇ ಲಂಡನ್ನಿನ ಹೊರಗೆ ಸಾಗಿಸಿದ್ದರು. ಕಾರ್ಮಿಕರೂ ರಾಣಿಯೂ ಒಂದೇ ನಾಡಿನ ಕೇಳುಗರೆಂಬ ಮಾತನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸಂಕಲನವೇ ಅದನ್ನು ಹೇಳುತ್ತದೆ. ಹೊರದೇಶದ ಪ್ರೇಕ್ಷಕರಿಗಾಗಿ ಚಿತ್ರದ ಮುಂದೆ ಸೇರಿಸಿದ ಪೀಠಿಕೆಯ ಭಾಷಣ ನಿಮ್ಮ ಪ್ರತಿಯಲ್ಲಿದ್ದರೆ ಮೊದಲ ಸಲ ಅದನ್ನು ದಾಟಿಸಿ, ಕೊನೆಗೆ ಕೇಳಿ. ನಿರ್ದೇಶಕರ ಮೇಲೆ ಅಧಿಕಾರಿಗಳಿಗಿದ್ದ ಅಳುಕು ಅದರಲ್ಲಿ ಕೇಳಿಸುತ್ತದೆ ಎಂಬುದು ನನ್ನ ಅನಿಸಿಕೆ.

ಮುಂದಿನ ಹಂತಕ್ಕೆ ಪುಸ್ತಕದ ಹಾಳೆಯ ನಡುವೆ ಗೆರೆಯೆಳೆದು, ನಡೆಯುತ್ತಿದ್ದಾಗಲೇ ಸೆರೆಹಿಡಿದ ದೃಶ್ಯಗಳನ್ನು ಒಂದು ಕಡೆ, ಕ್ಯಾಮೆರಾಕ್ಕಾಗಿ ಮತ್ತೆ ಮಾಡಿಸಿದ್ದನ್ನು ಇನ್ನೊಂದು ಕಡೆ ಬರೆಯಬೇಕು. ಜೆನ್ನಿಂಗ್ಸ್ ಅವರ ‘ಫೈರ್ಸ್ ವರ್ ಸ್ಟಾರ್ಟೆಡ್’ (1943) ಚಿತ್ರದ ಬೆಂಕಿ ಪೂರ್ತಿ ಎರಡನೆಯ ಕಡೆಗೇ ಸೇರುತ್ತದೆ. ಲಂಡನ್ನಿನ ಮೇಲಿನ ಭಾರಿ ದಾಳಿಗಳು 1941ರ ಮೇ ತಿಂಗಳಲ್ಲಿ ಮುಗಿದಿದ್ದವು, ಚಿತ್ರೀಕರಣ ನಡೆದದ್ದು 1942ರಲ್ಲಿ. ಇಷ್ಟಕ್ಕೇ ಅದನ್ನು ಸುಳ್ಳೆಂದು ತಳ್ಳಿಹಾಕಬೇಡಿ. ತೆರೆಯ ಮೇಲಿರುವವರು ನಟರಲ್ಲ, ಅಗ್ನಿಶಾಮಕ ದಳದವರೇ. ನೀರಿನ ಕೊಳವೆಯನ್ನು ಹಿಡಿಯುವ ಅವರ ಕೈಗಳ ಒಗ್ಗಿದ ರೀತಿ ಯಾವ ಕಡತದಲ್ಲೂ ಸಿಗದ ಸಾಕ್ಷ್ಯ.

ಯುದ್ಧ ಮುಗಿಯುವ ಹೊತ್ತಿನ ಚಿತ್ರಗಳಲ್ಲಿ ನಿರೂಪಣೆಯ ವಾಕ್ಯಗಳು ಹೇಳಿಕೆಗಳೋ ಪ್ರಶ್ನೆಗಳೋ ಎಂದು ಗಮನಿಸಿ. 1944ರ ಸೆಪ್ಟೆಂಬರ್ 3ರಂದು ಹುಟ್ಟಿದ ಮಗುವನ್ನು ಉದ್ದೇಶಿಸಿ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಬರೆದ ‘ಎ ಡೈರಿ ಫಾರ್ ಟಿಮೊಥಿ’ ಚಿತ್ರದ ನಿರೂಪಣೆ, ಮುಂದೆ ಮತ್ತೆ ನಿರುದ್ಯೋಗ ಬರುವುದೇ, ಮತ್ತೊಂದು ಯುದ್ಧ ಬರುವುದೇ ಎಂದು ಕೇಳುತ್ತದೆ. ಗೆದ್ದ ಸರ್ಕಾರದ ಹಣದಲ್ಲಿ ಇಂಥ ಪ್ರಶ್ನೆ ಕೇಳಲು ಸಾಧ್ಯವಾಯಿತೆಂಬುದು ನನ್ನನ್ನು ಈಗಲೂ ತಟ್ಟುತ್ತದೆ. ಜೆನ್ನಿಂಗ್ಸ್ ಅವರ ಈ ಚಿತ್ರಗಳನ್ನು ತಯಾರಿಸಿದ ಬ್ರಿಟಿಷ್ ಸರ್ಕಾರದ ಚಿತ್ರ ಘಟಕ, ಕ್ರೌನ್ ಫಿಲ್ಮ್ ಯೂನಿಟ್, 1952ರಲ್ಲಿ ಮುಚ್ಚಿತು.

ನಮ್ಮಲ್ಲಿನ ಚಿತ್ರಗಳಿಗೂ ಇದೇ ಕ್ರಮ ಸಲ್ಲುತ್ತದೆ. 1943ರಲ್ಲಿ ಆರಂಭವಾದ ಸರ್ಕಾರಿ ಚಿತ್ರಸಂಸ್ಥೆ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾದ ಚಿತ್ರಗಳನ್ನು ಚಿತ್ರಮಂದಿರಗಳು ಕಡ್ಡಾಯವಾಗಿ ತೋರಿಸಬೇಕಿದ್ದುದರಿಂದ, ಪ್ರೇಕ್ಷಕರು ಬೇಕೆಂದು ನೋಡಿದರೋ ವಿಧಿಯಿಲ್ಲದೆ ನೋಡಿದರೋ ಎಂಬ ಪ್ರಶ್ನೆಯನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಕೇಂದ್ರ ಶಾಸನಸಭೆ ಹಣ ನಿರಾಕರಿಸಿದ್ದರಿಂದ 1946ರಲ್ಲಿ ಆ ಸಂಸ್ಥೆ ಮುಚ್ಚಿತು. ಸ್ವತಂತ್ರ ಭಾರತದ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಜನ್ ಹುಟ್ಟಿದ್ದು 1948ರಲ್ಲಿ. ನಡುವೆ ಬಂದ 1947ರ ಆಗಸ್ಟ್ 15ನ್ನು ಚಿತ್ರೀಕರಿಸಲು ಭಾರತ ಸರ್ಕಾರಕ್ಕೆ ಸ್ವಂತ ಚಿತ್ರ ಘಟಕವೇ ಇರಲಿಲ್ಲ. ಆದ್ದರಿಂದ ಆ ದಿನದ ದೃಶ್ಯಗಳು ಎಲ್ಲಿ ಕಂಡರೂ, ಅವು ಯಾರ ಕ್ಯಾಮೆರಾದವು ಎಂಬುದನ್ನು ಮೊದಲು ಹುಡುಕಿ.