ನೀರಿನ ಸಮಯವನ್ನು ಬೇರೇ ಹೇಳುತ್ತದೆ: ಮನೆಯೊಳಗಿನ ಆರ್ಕಿಡ್ ಕುರಿತು ನನ್ನ ಅನುಭವ

ಬೆಂಗಳೂರಿನ ನಮ್ಮ ಫ್ಲ್ಯಾಟಿನ ಪೂರ್ವ ದಿಕ್ಕಿನ ಬಾಲ್ಕನಿಯಲ್ಲಿ ಹಲವು ವರ್ಷಗಳಿಂದ ಆರ್ಕಿಡ್ ಬೆಳೆಸುತ್ತಿದ್ದೇನೆ. ಹೆಚ್ಚಿನವು ಫೆಲನಾಪ್ಸಿಸ್, ಉಳಿದವು ಡೆಂಡ್ರೋಬಿಯಂ. ಮನೆಗೆ ಬಂದವರು ಹೂವನ್ನು ನೋಡಿ ಮೊದಲು ಕೇಳುವುದು, ವಾರಕ್ಕೆ ಎಷ್ಟು ಸಲ ನೀರು ಹಾಕುತ್ತೀರಿ ಎಂದು. ಈ ಪ್ರಶ್ನೆಗೆ ವಾರದ ಲೆಕ್ಕದಲ್ಲಿ ಉತ್ತರ ಕೊಡಲಾಗದು, ಏಕೆಂದರೆ ಏಪ್ರಿಲ್ ತಿಂಗಳ ಬಿಸಿಗಾಳಿಯಲ್ಲಿ ಎರಡೇ ದಿನಕ್ಕೆ ಒಣಗುವ ಕುಂಡ ಜುಲೈ ತಿಂಗಳ ಜಡಿಮಳೆಯಲ್ಲಿ ವಾರ ಕಳೆದರೂ ತೇವವಾಗಿಯೇ ಇರುತ್ತದೆ.

ನಾನು ನೋಡುವುದು ಬೇರಿನ ಬಣ್ಣವನ್ನು. ಇವು ಕಾಡಿನಲ್ಲಿ ಮರದ ತೊಗಟೆಗೆ ಅಂಟಿಕೊಂಡು, ಮಳೆ ಬಿದ್ದಾಗ ನೀರು ಹೀರಿ, ಮತ್ತೆ ಗಾಳಿಗೆ ಒಣಗುತ್ತ ಬದುಕುವ ಗಿಡಗಳು. ಬೇರಿನ ಸುತ್ತ ವೆಲಮೆನ್ ಎಂಬ ಸತ್ತ ಜೀವಕೋಶಗಳ ಪದರವಿದ್ದು, ಅದು ಸ್ಪಂಜಿನಂತೆ ನೀರನ್ನು ಹಿಡಿದಿಡುತ್ತದೆ. ಒಣಗಿದಾಗ ಆ ಕೋಶಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಬಣ್ಣಕ್ಕೆ ತಿರುಗುತ್ತದೆ. ನೆನೆದಾಗ ಪದರ ಪಾರದರ್ಶಕವಾಗಿ ಒಳಗಿನ ಹಸಿರು ಹೊರಗೆ ಕಾಣುತ್ತದೆ. ನೀರು ಹಾಕಿದ ಕೆಲವೇ ಕ್ಷಣಗಳಲ್ಲಿ ಬಿಳಿಚಿದ ಬೇರು ತುದಿಯಿಂದ ತುದಿಗೆ ಹಸಿರಾಗುವುದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಬೇರೆ ಪಾಠ ಬೇಕಿಲ್ಲ. ಅದಕ್ಕಾಗಿಯೇ ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ಆರಿಸಿಕೊಂಡು, ಕಾದ ಕಂಬಿಯಿಂದ ಸುತ್ತಲೂ ತೂತು ಮಾಡುತ್ತೇನೆ. ಬೇರು ಹಸಿರಾಗಿದ್ದರೆ ನೀರು ಬೇಡ, ಬೆಳ್ಳಗಾಗಿದ್ದರೆ ಬೇಕು.

ಕುಂಡಕ್ಕೆ ಮಣ್ಣನ್ನಂತೂ ಹಾಕಲೇಬಾರದು. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಮಟ್ಟೆಯ ತುಂಡುಗಳನ್ನು ಬೆರೆಸಿ ಬಳಸುತ್ತೇನೆ. ಮಟ್ಟೆಯ ತುಂಡುಗಳನ್ನು ಮೊದಲು ನೀರಿನಲ್ಲಿ ನೆನೆಹಾಕಿ, ನೀರಿನ ಕಂದು ಬಣ್ಣ ತಿಳಿಯಾಗುವವರೆಗೂ ಬದಲಿಸುತ್ತಿರಬೇಕು. ನರ್ಸರಿಯಿಂದ ಬರುವ ಗಿಡಗಳ ಬುಡದಲ್ಲಿ ಸಾಮಾನ್ಯವಾಗಿ ಒದ್ದೆ ಪಾಚಿಯನ್ನು ಒತ್ತಿ ತುಂಬಿರುತ್ತಾರೆ. ನಮ್ಮ ಮಳೆಗಾಲದಲ್ಲಿ ಅದು ಬೇರಿಗೆ ಉಸಿರಾಡಲು ಬಿಡದ ಕಾರಣ, ಹೂವು ಮುಗಿದೊಡನೆ ಅದನ್ನು ಬಿಡಿಸಿ, ಕೊಳೆತ ಬೇರುಗಳನ್ನು ಶುದ್ಧ ಮಾಡಿದ ಬ್ಲೇಡಿನಿಂದ ಕತ್ತರಿಸಿ, ಹೊಸ ಕುಂಡಕ್ಕೆ ಬದಲಿಸುತ್ತೇನೆ.

ನೀರನ್ನು ಬೆಳಿಗ್ಗೆಯೇ ಹಾಕುತ್ತೇನೆ. ಫೆಲನಾಪ್ಸಿಸ್ ಒಂದೇ ಸುಳಿಯಿಂದ ಬೆಳೆಯುವ ಗಿಡವಾದ್ದರಿಂದ, ಎಲೆಗಳ ನಡುವೆ ರಾತ್ರಿಯಿಡೀ ನೀರು ನಿಂತು ಸುಳಿ ಕೊಳೆತರೆ ಗಿಡದ ಬೆಳವಣಿಗೆಯೇ ನಿಂತುಹೋಗುತ್ತದೆ. ಅಲ್ಲಿ ಹನಿ ಕಂಡರೆ ಟಿಶ್ಯೂ ಕಾಗದದ ತುದಿಯಿಂದ ಹೀರಿ ತೆಗೆಯುತ್ತೇನೆ. ಗಡಸಾದ ಬೋರ್‌ವೆಲ್ ನೀರು ಕುಂಡದ ಅಂಚಿನಲ್ಲಿ ಬಿಳಿ ಉಪ್ಪನ್ನು ಬಿಡುವುದರಿಂದ, ಸಿಕ್ಕಷ್ಟು ದಿನ ಮಳೆನೀರನ್ನೇ ಬಳಸುತ್ತೇನೆ. ಗೊಬ್ಬರವೆಂದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19, ಲೀಟರಿಗೆ ಅರ್ಧ ಗ್ರಾಮಿನಷ್ಟು, ಅದೂ ಬೇರು ನೆನೆದ ಮೇಲೆ ಮಾತ್ರ.

ಬೆಳಕು ಸಾಲದಿದ್ದರೆ ಎಲೆ ಕಡುಹಸಿರಾಗಿ ಜೋಲುತ್ತದೆ, ಹೆಚ್ಚಾದರೆ ಹಳದಿಗೆ ತಿರುಗುತ್ತದೆ. ಬೆಳಗಿನ ಎಳೆಬಿಸಿಲು ಸಾಕು.

ಹೂವಿನ ವಿಷಯದಲ್ಲಿ ಬೆಂಗಳೂರಿನವರು ಭಾಗ್ಯವಂತರೆಂದೇ ಹೇಳಬೇಕು. ಫೆಲನಾಪ್ಸಿಸ್ ಹೂದಂಟು ಬಿಡಲು ಕೆಲವು ವಾರಗಳ ತಂಪು ಬೇಕು, ಡಿಸೆಂಬರ್-ಜನವರಿಯ ನಮ್ಮ ರಾತ್ರಿಗಳು 16 ಡಿಗ್ರಿಯ ಆಸುಪಾಸಿಗೆ ಇಳಿದು ಅದನ್ನು ತಾವಾಗಿಯೇ ಒದಗಿಸುತ್ತವೆ. ಆ ದಿನಗಳಲ್ಲಿ ಎಲೆಯ ಬುಡದಿಂದ ಹೊರಡುವ ಮೊಳಕೆಯ ತುದಿ ದುಂಡಗೆ ಹೊಳೆಯುತ್ತಿದ್ದರೆ ಅದು ಬೇರು. ಚಪ್ಪಟೆಯಾಗಿ, ಒಂದು ಬದಿಗೆ ಸಣ್ಣ ಚುಂಚಿನಂತೆ ಮೂತಿ ಚಾಚಿದ್ದರೆ ಅದು ಹೂದಂಟು. ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ರಾತ್ರಿಯೂ ಸೆಕೆಯಿರುವುದರಿಂದ, ಅಲ್ಲಿನವರಿಗೆ ಡೆಂಡ್ರೋಬಿಯಂ ಅಥವಾ ವ್ಯಾಂಡಾ ಬೆಳೆಸುವಂತೆ ಸಲಹೆ ನೀಡುತ್ತೇನೆ.

ಮಲೆನಾಡಿಗೆ ಹೋದವರು ಮೇ-ಜೂನ್ ತಿಂಗಳಲ್ಲಿ ಮರಗಳಿಂದ ಇಳಿಬಿದ್ದ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಅನ್ನು ಕಂಡು ಕಿತ್ತು ತರುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಧೂಳಿನಷ್ಟು ಸಣ್ಣದಾದ ಅದರ ಬೀಜದಲ್ಲಿ ಆಹಾರದ ಸಂಗ್ರಹವೇ ಇಲ್ಲ. ತೊಗಟೆಯ ಮೇಲೆ ತಕ್ಕ ಶಿಲೀಂಧ್ರದ ಆಸರೆ ಸಿಕ್ಕರೆ ಮಾತ್ರ ಅದು ಮೊಳೆಯುತ್ತದೆ, ಮೊಳೆತ ಗಿಡ ಹೂಬಿಡಲು ವರ್ಷಗಳೇ ಬೇಕು. ಬೀಜವನ್ನು ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಮೊಳೆಯಿಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟ ಮೇಲೆ, ಆರ್ಕಿಡ್‌ಗಾಗಿ ಕಾಡಿಗೆ ಕೈಹಾಕುವ ಅಗತ್ಯವೇ ಉಳಿದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಗಿಡಗಳು ಇಂದು ನಗರದ ನರ್ಸರಿಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಹೂವಿನ ಅಂದಕ್ಕಿಂತ ಮೊದಲು ಕುಂಡವನ್ನೆತ್ತಿ ಬೇರನ್ನು ನೋಡಿ. ಒತ್ತಿದರೆ ಗಟ್ಟಿಯಾಗಿರುವ ಬೇರುಗಳಿರುವ ಗಿಡವನ್ನೇ ಆರಿಸಿಕೊಳ್ಳಿ.