ಕಥೆಗೂ ಒಂದು ವಹಿ ಇಟ್ಟೆ

ನಾನು ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. ಕಥೆಯ ಚಟ ಕಾಲೇಜಿನಿಂದಲೂ ಇದೆ. ಆದರೆ ಅವು ಅಚ್ಚಾಗತೊಡಗಿದ್ದು ಅಂಗಡಿಯ ವಹಿ, ಅಂದರೆ ಲೆಕ್ಕದ ಪುಸ್ತಕದ ಪದ್ಧತಿಯನ್ನೇ ಕಥೆಗೂ ಹಚ್ಚಿದ ಮೇಲೆ. "ಲೆಕ್ಕ ಇಟ್ಟು ಯಾರರ ಕಥಿ ಬರೀತಾರೇನೋ ತಮ್ಮಾ?" ಎಂದು ಹಾವೇರಿಯ ಗೆಳೆಯರು ನಕ್ಕಿದ್ದರು. ಈಗ ಅವರೇ ವಹಿ ತೋರಿಸು ಅಂತಾರೆ.

ವಹಿಯ ಎಡಕ್ಕೆ ಕಥೆಯ ಹೆಸರು, ಪತ್ರಿಕೆ, ಕಳಿಸಿದ ತಾರೀಖು. ಬಲಕ್ಕೆ ಉತ್ತರ, ಗೌರವಧನ. ಯಾವಾಗಲೂ ನಾಲ್ಕು ಕಥೆ ಹೊರಗಿರಬೇಕು, ಅಷ್ಟೇ ನಿಯಮ. ವಾಪಸ್ ಬಂದದ್ದು ವಾರದೊಳಗೆ ಬೇರೆ ಕಡೆ ಹೋಗಬೇಕು. ಮೂರು ತಿಂಗಳು ಉತ್ತರ ಬರದಿದ್ದರೆ ಕಥೆ ಹಿಂದಕ್ಕೆ ತಗೊಂಡೆ ಅಂತ ಮೇಲ್ ಹಾಕಿ, ಮುಂದಿನವರಿಗೆ ಕಳಿಸುತ್ತೇನೆ. ಮಾರಾಟದ ದಿನ ಸೋಮವಾರ ಮತ್ತು ಗುರುವಾರ. ಮಾರ್ಕೆಟ್ಟಿಗೆ ಮಾಲು ಬರೋದು ಜೋರಿದ್ದಾಗ ರಾತ್ರಿಯೂ ಕಣ್ಣು ಉರಿಯುತ್ತಿರುತ್ತದೆ. ಹಾಗಾಗಿ ಬರೆಯೋದು ಬುಧವಾರ, ಶನಿವಾರ. ಮೂಡ್ ಬರಲಿ ಅಂತ ಕಾಯೋದು ಬಿಟ್ಟೆ. ಹೊರಗೆ ಮೂರೇ ಇವೆ ಅಂತ ವಹಿ ಹೇಳಿದರೆ ಸಾಕು, ಉದ್ರಿ ಬಾಕಿ ಕಂಡ ದಲಾಲಿಯ ಹಾಗೆ ನಿದ್ದೆ ಹಾರಿಹೋಗುತ್ತದೆ.

ಮೊದಲ ಎರಡು ವರ್ಷ ಬಲಗಡೆ ಪುಟ ಬಹುತೇಕ ಖಾಲಿ. ಒಂದು ವಾರಪತ್ರಿಕೆ ಕಥೆ ಹಾಕಿಯೂ ತಿಳಿಸಲಿಲ್ಲ. ರಾಣೆಬೆನ್ನೂರಿನಲ್ಲಿ ಹಳೇ ಸಂಚಿಕೆ ಕಣ್ಣಿಗೆ ಬಿದ್ದು ಗೊತ್ತಾಯಿತು. ಅದರ ದುಡ್ಡು ಇವತ್ತಿಗೂ ಬಾಕಿ. ನಡುವೆ ಮೊಬೈಲಿಗೆ ಮಾತಾಡಿ ಬರೆಸುವ ಪ್ರಯೋಗವನ್ನೂ ಮಾಡಿದೆ. ನಮ್ಮ ಕಡೆಯ 'ಬಂದಾನ' ಅದಕ್ಕೆ 'ಬಂಧನ'ವಾಗಿ ಕೇಳಿಸಿತು. ಊಟಕ್ಕೆ ಬಂದ ಅಳಿಯ ಜೈಲಿಗೆ ಹೋದ.

ಪುಸ್ತಕದ ಮಾತು ಬಂದಾಗ ಪ್ರಕಾಶಕರೊಬ್ಬರು ಮೂವತ್ತು ಸಾವಿರ ಕೊಡಿ, ನೂರು ಪ್ರತಿ ನಿಮಗೆ ಅಂದರು. ಪ್ರತಿಗೆ ಮುನ್ನೂರು ಬಿತ್ತಲ್ವಾ! ಗದಗಿಗೆ ಹೋಗಿ ನಾನೇ ಮುದ್ರಿಸಿದೆ. ಡೆಮಿ 1/8 ಅಳತೆಯ ಪುಸ್ತಕ, 500 ಪ್ರತಿ, ಎಲ್ಲ ಸೇರಿ 35 ಸಾವಿರದ ಆಸುಪಾಸು. ಪುಟ 131 ಆಗಿತ್ತು. ಅಚ್ಚಿನ ಲೆಕ್ಕ ಫಾರಂ ಮೇಲೆ, ಫಾರಂಗೆ 16 ಪುಟ. ಮೂರು ಪುಟಕ್ಕಾಗಿ ಒಂಬತ್ತನೇ ಫಾರಮ್ಮಿಗೆ ಯಾಕೆ ದುಡ್ಡು ಸುರಿಯಬೇಕು? ಕೊನೆಯ ಕಥೆಯಲ್ಲಿದ್ದ ಮದುವೆ ಊಟ ಕಿತ್ತು ಹಾಕಿ 128ಕ್ಕೆ ತಂದೆ. ಕಥೆಯೂ ಬಿಗಿಯಾಯಿತು. ಯೂನಿಕೋಡ್ ಅಕ್ಷರವನ್ನು ಅಚ್ಚಿಗಾಗಿ ನುಡಿ ಫಾಂಟ್‌ಗೆ ತಿರುಗಿಸುವಾಗ ಅರ್ಕಾವತ್ತು ಕೆಡುತ್ತದೆ, ಖರ್ಚು, ದರ್ಜಿ, ಕರ್ಜಗಿ ಎಲ್ಲವೂ. ಅದಕ್ಕೆ ಬರೀ ಅರ್ಕಾವತ್ತು ನೋಡಲೆಂದೇ ಒಂದು ಪ್ರೂಫ್ ಬೇರೆ ತೆಗೆಸಿದೆ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರು, ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ, ಅದಕ್ಕೆ ಯಾರಿಗೂ ಸುಮ್ನೆ ದುಡ್ಡು ಕೊಡಬೇಡಿ.

ಬೆಲೆ 130. ಅಂಗಡಿಯವರಿಗೆ ನಲವತ್ತು ಪರ್ಸೆಂಟ್ ಬಿಟ್ಟರೆ ಪ್ರತಿಗೆ ಉಳಿಯೋದು ಎಂಟೋ ಹತ್ತೋ ರೂಪಾಯಿ. ಕೈಯಿಂದ ಕೈಗೆ ಮಾರಿದರೆ ಮಾತ್ರ ಲಾಭ. 2023ರ ಜನವರಿಯಲ್ಲಿ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮೂರು ದಿನದಲ್ಲಿ ನೂರರ ಹತ್ತಿರ ಪ್ರತಿ ಹೋದವು. ಜಾಸ್ತಿ ಕೊಂಡವರು ಓಓಡಿ (ಶಾಲೆಯ ಹೊರಗಿದ್ದರೂ ಡ್ಯೂಟಿಯ ಲೆಕ್ಕ) ಮೇಲೆ ಬಂದಿದ್ದ ಮಾಸ್ತರರು. ನಿಂತವರ ಕೈಗೆ ಪುಸ್ತಕದ ಯಾವ ಪುಟ ತೆರೆದು ಕೊಡಬೇಕು ಅನ್ನೋದರಲ್ಲಿ ಒಂದು ಉಪಾಯ ಇದೆ. ಅದು ನನಗೆ ಮುಂದೆಯೂ ಬೇಕು, ಹೇಳೋದಿಲ್ಲ.

ಈಗ ಕಾದಂಬರಿಗೆ ಕೈ ಹಾಕಿದ್ದೇನೆ. ಅಲ್ಲಿ ವಹಿ ಆಟ ನಡೆಯೋದಿಲ್ಲ. ವರ್ಷಗಟ್ಟಲೆ ಹೊರಗೆ ಕಳಿಸಲು ಏನೂ ಇರೋದಿಲ್ಲ. ಅದಕ್ಕೆ ಅಧ್ಯಾಯಗಳನ್ನೇ ಬಿಡಿ ಕಥೆ ಮಾಡಿ ಕಳಿಸುತ್ತಿದ್ದೇನೆ. ಎರಡು ವಾಪಸ್ ಬಂದಿವೆ, ಒಂದು ಅಚ್ಚಾಗಿದೆ. ಅದರ ದುಡ್ಡೂ ಬಂತು.